ಕೊನೆಯ ನಂಬರಿನ ವೆಂಡಲ್

ಹೊನೊಲುಲುವಿನಲ್ಲಿ ಉಣ್ಣೆಯ ಕೋಟು ತೊಟ್ಟು ತಿರುಗುವ ಮನುಷ್ಯ ನಾನು ಕಂಡಂತೆ ಒಬ್ಬನೇ, ಬಸ್ ಡ್ರೈವರ್ ವೆಂಡಲ್ ಕಹಲೆವೈ. ಮದುವೆಗೂ ಮಸಣಕ್ಕೂ ಜನ ರಬ್ಬರ್ ಚಪ್ಪಲಿಯಲ್ಲೇ ಹೋಗಿಬರುವ ಈ ದ್ವೀಪದಲ್ಲಿ, ನೆತ್ತಿ ಸುಡುವ ನಡುಮಧ್ಯಾಹ್ನ, ಮೂವತ್ತು ವರ್ಷ ಬ್ರೇಕ್ ತುಳಿದು ಸವೆದ ಬಲಮೊಣಕಾಲನ್ನು ತುಸು ಎಳೆದು ಹಾಕುತ್ತ, ಕಡುನೀಲಿ ಕೋಟಿನ ಗುಂಡಿಗಳನ್ನೆಲ್ಲ ಬಿಗಿದುಕೊಂಡು ಅವನು ಡಿಪೋದ ಅಂಗಳ ದಾಟಿ ಬರುತ್ತಿದ್ದರೆ ಹೊಸಬರು ಮುಸಿಮುಸಿ ನಗುತ್ತಿದ್ದರು. "ಬಸ್ಸಲ್ಲಿ ಎ.ಸಿ. ಹೆಣ ಕೆಡದೆ ಇರೋ ಹಾಗೆ ಇಟ್ಟಿರ್ತಾರೆ ಕಣಯ್ಯಾ, ನಿಂಗೇನ್ ಗೊತ್ತು" ಎಂಬುದು ಅವನ ಸಮಜಾಯಿಷಿ. ಬಸ್ಸಿನಿಂದ ಇಳಿದ ಮೇಲೂ ಯಾಕೆ ಬಿಚ್ಚುವುದಿಲ್ಲ ಎಂಬುದಕ್ಕೆ ಸಮಜಾಯಿಷಿ ಇರಲಿಲ್ಲ. ಆ ಕೋಟಿನ ಬಣ್ಣವೆಲ್ಲ ಬಿಸಿಲಿಗೆ ಮಾಸಿದ್ದರೂ ಎಡ ಎದೆಯ ಮೇಲೆ ಅಂಗೈಯಗಲ ಜಾಗ ಮಾತ್ರ ಹೊಸದರಂತೆ ಉಳಿದಿತ್ತು. ಅಲ್ಲಿದ್ದ ಲಾಂಛನವನ್ನು ಯಾರೋ ಒಂದೊಂದೇ ಹೊಲಿಗೆ ಬಿಡಿಸಿ, ಬಟ್ಟೆ ಹರಿಯದಂತೆ ತೆಗೆದಿದ್ದರು.

ಅವನದು ಇನ್ನೊಂದು ವಿಚಿತ್ರ ಅಭ್ಯಾಸ: ಯಾವ ವಸ್ತುವಿನ ಬೆಲೆಯನ್ನೂ ಡಾಲರಿನಲ್ಲಿ ಹೇಳುತ್ತಿರಲಿಲ್ಲ. ತನ್ನ ಸಂಬಳದಲ್ಲಿ ಅದನ್ನು ಕೊಳ್ಳಲು ಬಸ್ಸನ್ನು ಎಲ್ಲಿಂದ ಎಲ್ಲಿಯವರೆಗೆ ಓಡಿಸಬೇಕು ಎಂದು ಹೇಳುತ್ತಿದ್ದ. ಒಂದು ಕ್ಯಾನ್ ಹಾಲೆಂದರೆ ನಮ್ಮ ಡಿಪೋ ಇರುವ ಕಲಿಹಿಯಿಂದ ಚೈನಾಟೌನು. ಒಂದು ಮೂಟೆ ಅಕ್ಕಿಯೆಂದರೆ ಕಲಿಹಿಯಿಂದ ವೈಕಿಕಿ, ಅದೂ ಟ್ರಾಫಿಕ್ಕಿನಲ್ಲಿ. ನಾನು ಮೊಟ್ಟೆ ಕೊಂಡು ತಂದರೆ ಚೀಲದೊಳಗೆ ಇಣುಕಿ, "ಓಹೋ, ಅಲಾ ಮೊಆನ ಸ್ಟಾಪು ದಾಟಿಬಿಟ್ಟೆಯಲ್ಲೋ ದೊರೆ!" ಎಂದು ಕಣ್ಣರಳಿಸುತ್ತಿದ್ದ. ಕೇಳಿದವರು ನಗುತ್ತಿದ್ದರು, ಆಮೇಲೆ ಮನಸ್ಸಿನಲ್ಲೇ ತಮ್ಮ ಸಂಬಳದ ಲೆಕ್ಕ ಹಾಕುತ್ತಿದ್ದರು.

ಯಾರಿಗೆ ಯಾವ ಬಸ್ಸು ಎಂದು ಬರೆದುಕೊಳ್ಳುವ ಮೇಜಿನ ಹಿಂದೆ ಕೂತೇ ನನ್ನ ಆಯುಷ್ಯ ಕಳೆದಿದೆ. ಮೂರು ತಿಂಗಳಿಗೊಮ್ಮೆ ನಮ್ಮಲ್ಲಿ ಪಾಳಿ ಆರಿಸಿಕೊಳ್ಳುವ ದಿನ ಬರುತ್ತದೆ. ಸೇವೆಗೆ ಮೊದಲು ಸೇರಿದವನು ಮೊದಲು ಆರಿಸಬೇಕು, ನಿನ್ನೆ ಸೇರಿದವನಿಗೆ ಎಲ್ಲರೂ ಬಿಟ್ಟ ಎಂಜಲು. ಊರು ಬಿಡುವ ಮೊದಲು ಆ ಸಾಲಿನಲ್ಲಿ ವೆಂಡಲನ ನಂಬರು ಒಂಬತ್ತು. ಇಪ್ಪತ್ತೊಂಬತ್ತು ವರ್ಷ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಗಳಿಸಿದ ಆ ಅಂಕೆ ಅವನ ಪಾಲಿಗೆ ಹೊಲವಿದ್ದಂತೆ, ಮನೆಯಿದ್ದಂತೆ. ನಿಜವಾದ ಮನೆ ಮಾತ್ರ ಅವನಿಗಿರಲಿಲ್ಲ.

ಸಂಬಳ ಕಡಿಮೆಯೆಂದರೆ ನಾಲಿಗೆಗೆ ಹುಳ ಬಿದ್ದೀತು. ಕಾಗದದ ಮೇಲೆ ನಮ್ಮದು ಎಷ್ಟೋ ಊರುಗಳ ಡ್ರೈವರುಗಳಿಗಿಂತ ಹೆಚ್ಚೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬುದ್ಧಿ ಹೇಳುವವರು, ಹಾಸಿಗೆ ಬಿಡಿಸಲು ನೆಲವೇ ಸಿಗದ ಊರನ್ನು ನೋಡಿದವರಲ್ಲ. ಕಲಿಹಿಯಲ್ಲಿ ಅವನಿದ್ದ ಬಾಡಿಗೆಮನೆಯ ಒಡೆಯ ತೀರಿಕೊಂಡ, ಮಕ್ಕಳು ಮನೆ ಮಾರಿದರು, ಕೊಂಡವರು ಅದನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡತೊಡಗಿದರು. ಆಗ, ನಮ್ಮವರು ಎಷ್ಟೋ ಜನ ಹೋದಂತೆ, ವೆಂಡಲನೂ ಅವನ ಹೆಂಡತಿ ನೊರೀನಳೂ ಲಾಸ್ ವೇಗಸ್ಸಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಕಿವಿ ಮುಚ್ಚುವಷ್ಟು ಹೂಮಾಲೆ ಹಾಕಿ ಕಳಿಸಿದೆವು. ಅಲ್ಲಿ ಅವನಿಗೆ ಬಸ್ಸು ಸಿಕ್ಕಿತು, ಅಲ್ಲಿಯ ಚಳಿಗಾಲಕ್ಕೆಂದು ಕಂಪನಿಯ ಲಾಂಛನವಿದ್ದ ಆ ಉಣ್ಣೆಯ ಕೋಟು ಸಿಕ್ಕಿತು, ಸಾಲದಲ್ಲಾದರೂ ಸ್ವಂತದ್ದೆನ್ನುವ ನಾಲ್ಕು ಕೋಣೆಯ ಮನೆಯೂ ಸಿಕ್ಕಿತು. ಶಾಲೆಯ ಅಡುಗೆಮನೆಯಲ್ಲಿ ದುಡಿದು, ಮೂವತ್ತು ವರ್ಷ ಪರರ ಗೋಡೆಗಳ ನಡುವೆ ಬಾಳಿ, ಕ್ಯಾಲೆಂಡರ್ ತೂಗುಹಾಕಲಿಕ್ಕೂ ಒಡೆಯನ ಅಪ್ಪಣೆ ಕೇಳಿದ್ದ ನೊರೀನ್, ಹೊಸ ಮನೆಗೆ ಮೊದಲು ತಂದದ್ದು ಒಂದು ಡಬ್ಬಿ ಮೊಳೆ. ಒಂದೇ ದಿನದಲ್ಲಿ ಡಬ್ಬಿಯನ್ನೆಲ್ಲ ಖಾಲಿ ಮಾಡಿದಳಂತೆ.

ವೆಂಡಲನನ್ನು ಕೆಡಿಸಿದ್ದು ಒಂದು ಸಣ್ಣ ತಪ್ಪು. ನಮ್ಮ ದ್ವೀಪದಲ್ಲಿ ಯಾರೂ ಎಡ ಬಲ ಎನ್ನುವುದಿಲ್ಲ, ಪೂರ್ವ ಪಶ್ಚಿಮವಂತೂ ಇಲ್ಲವೇ ಇಲ್ಲ. ಬೆಟ್ಟದ ಕಡೆ, ಸಮುದ್ರದ ಕಡೆ, ಅಷ್ಟೇ. ಆ ಮರುಭೂಮಿಯ ಊರಿನಲ್ಲಿ ಒಬ್ಬ ಮುದುಕಿ ಔಷಧದಂಗಡಿ ಎಲ್ಲಿ ಎಂದು ಕೇಳಿದಾಗ ಅವನು ಸ್ಟಿಯರಿಂಗ್ ಹಿಡಿದುಕೊಂಡೇ, "ಎರಡು ಬೀದಿ ಸಮುದ್ರದ ಕಡೆಗೆ ಹೋಗಿ, ಆಂಟಿ" ಎಂದ. "ಯಾವ ಸಮುದ್ರನಪ್ಪಾ?" ಎಂದಳು ಮುದುಕಿ. ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ಸಂಜೆ ಕೇಳಿ ನೊರೀನಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನಗಲಿಲ್ಲ. "ಎದ್ದ ಕೂಡ್ಲೆ ಸಮುದ್ರ ಯಾವ ಕಡೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ, ಅವತ್ತೆಲ್ಲ ನಾನು ಯಾರು ಅನ್ನೋದೇ ಮರ್ತ್ಹೋಗುತ್ತೆ ಕಣೋ" ಎಂದು ಮುಂದೊಮ್ಮೆ ನನಗೆ ಹೇಳಿದ.

ಹದಿನಾರು ತಿಂಗಳಿಗೆ ಒಬ್ಬನೇ ಮರಳಿದ. ಬಿಟ್ಟು ಹೋದವನ ಹಳೆಯ ನಂಬರು ಬಿಟ್ಟಲ್ಲೇ ಸತ್ತುಹೋಗುತ್ತದೆ ಎಂಬುದು ನಮ್ಮಲ್ಲಿ ಕಲ್ಲಿನ ನಿಯಮ. ಐವತ್ತೆಂಟರ ವೆಂಡಲ್ ತರಬೇತಿಗೆ ಬಂದ ಇಪ್ಪತ್ತರ ಹುಡುಗರ ಸಾಲಿನಲ್ಲಿ ಕೂತು, ತಾನೇ ಒಂದು ಕಾಲಕ್ಕೆ ಪಳಗಿಸಿದ್ದ ಮಾರ್ವಿನ್ನನಿಂದ ಕನ್ನಡಿ ನೋಡುವುದನ್ನು ಕಲಿತ. ಮಾರ್ವಿನ್ನನಿಗೆ ನಾಚಿಕೆಯಿಂದ ಮಾತೇ ಹೊರಡದು. "ಹೇಳ್ಕೊಡು ಮೇಷ್ಟ್ರೇ, ಫೇಲ್ ಮಾಡಿಬಿಟ್ಟೀಯ ಮತ್ತೆ" ಎಂದು ಇವನೇ ಧೈರ್ಯ ಹೇಳಬೇಕಾಯಿತು. ಆರಿಸುವ ದಿನ ಒಂಬತ್ತನೆಯವನಾಗಿ ಗತ್ತಿನಿಂದ ಬರುತ್ತಿದ್ದವನು ಎಲ್ಲರ ಕೊನೆಗೆ ನನ್ನ ಮೇಜಿನ ಮುಂದೆ ನಿಂತ. ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು, ನಡುವೆ ಸಂಬಳವಿಲ್ಲದ ಐದು ತಾಸು ಇರುವ ಒಡಕು ಪಾಳಿಯೊಂದೇ ಉಳಿದಿತ್ತು. ಅದನ್ನೇ ಅವನ ಹೆಸರಿನ ಮುಂದೆ ಬರೆದುಕೊಂಡೆ.

ವಾಸ ಊರಾಚೆ ದೂರದ ನಾನಾಕುಲಿಯಲ್ಲಿ, ತಂಗಿಯ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ. ಆ ಐದು ತಾಸಿನಲ್ಲಿ ಹೋಗಿಬರುವುದು ಆಗದ ಮಾತು. ಡಿಪೋದ ಗೋಡೆಗೊರಗಿ, ಕೋಟು ತೊಟ್ಟು, ಕಿವಿ ಮಂದವಾದ್ದರಿಂದ ಊರಿಗೆಲ್ಲ ಕೇಳುವಂತೆ ಸ್ಪೀಕರ್ ಹಾಕಿಕೊಂಡು ನೊರೀನಳಿಗೆ ಫೋನು ಮಾಡುತ್ತಿದ್ದ.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು. ಬರ್ತೀಯೇನೇ?"

"ಎಲ್ಲಿಗೆ ಬರ್ಲಿ? ನಿನ್ನ ತಂಗಿ ಹಿತ್ಲಿಗಾ? ನೀನೇ ಬಾ."

ದಿನವೂ ಇಷ್ಟೇ. ಜಗಳವಲ್ಲ. ಅವಳಿಲ್ಲದೆ ಅವನಿಗಾಗದು, ಅವನಿಲ್ಲದೆ ಅವಳಿಗಾಗದು. ಅವಳು ಮನೆ ಬಿಡಲಾರಳು, ಅವನು ನೆಲ ಬಿಡಲಾರ.

ಆ ವರ್ಷ ಸಂಬಳದ ತಕರಾರು ಮಧ್ಯಸ್ಥರ ಮುಂದೆ ಹೋಯಿತು. ಎರಡೂ ಊರಿನ ಸಂಬಳ ಉಂಡವನು ನೀನೊಬ್ಬನೇ, ನೀನೇ ಸಾಕ್ಷಿ ಹೇಳಬೇಕೆಂದು ಯೂನಿಯನ್ನಿನವರು ದುಂಬಾಲು ಬಿದ್ದರು. ಹಿಂದಿನ ದಿನ ನಾನು ಎಚ್ಚರಿಸಿದೆ: "ಯಾಕೆ ವಾಪಸ್ ಬಂದೆ ಅಂತ ಕೇಳೇ ಕೇಳ್ತಾರೆ ವೆಂಡಲ್. ನೀನು ಸಮುದ್ರದ ಕಥೆ ಹೇಳಿದ್ಯೋ, ಆರುನೂರು ಜನರ ಹೊಟ್ಟೆ ಮೇಲೆ ಹೊಡೆದ ಹಾಗೆ. ಸಂಬಳ ಏರಿಸದೆ ಇದ್ರೂ ಓಡಿ ಬರ್ತಾರಲ್ಲ, ಇನ್ನೇನು ಅಂತಾರೆ."

"ಸುಳ್ಳು ಹೇಳ್ಲಾ?"

"ಬೇಡ."

"ಮತ್ತೇನ್ ಹೇಳ್ಲಿ?"



ವಿಚಾರಣೆಯ ಕೋಣೆಯಲ್ಲಿ ಮೊದಲ ಬಾರಿಗೆ ಅವನು ಕೋಟು ಬಿಚ್ಚಿದ್ದನ್ನು ಕಂಡೆ. ಮಡಿಸಿ ಪಕ್ಕದ ಕುರ್ಚಿಯ ಮೇಲಿಟ್ಟ. ಅಕ್ಕಿ, ಹಾಲು, ಬಾಡಿಗೆಗಳನ್ನು ತನ್ನ ಎಂದಿನ ಅಳತೆಯಲ್ಲಿ ವಿವರಿಸಿದ: ಇಲ್ಲೊಂದು ಮನೆ ಬಾಡಿಗೆಗೆ ಹಿಡಿದರೆ ತಿಂಗಳಲ್ಲಿ ಮೂರು ವಾರ ಸೂರಿಗಾಗಿಯೇ ಬಸ್ಸು ಓಡಿಸಬೇಕು ಎಂದ. ಆಡಳಿತದ ವಕೀಲೆ, ಈ ದ್ವೀಪದ್ದೇ ಹುಡುಗಿ, ಕೇಳಬೇಕಾದ್ದನ್ನು ಕೇಳಿದಳು: "ಅಂಕಲ್, ಅಲ್ಲಿ ಅಷ್ಟೊಂದು ಸುಖ ಇದ್ದಿದ್ರೆ, ನೀವ್ಯಾಕೆ ವಾಪಸ್ ಬಂದ್ರಿ?"

ವೆಂಡಲ್ ಮೊಣಕಾಲು ಸವರಿಕೊಂಡ. "ನಾನ್ಯಾಕೆ ಬಂದೆ ಅಂತ ನಿನಗೂ ಗೊತ್ತಮ್ಮಾ, ನೀನೂ ಇಲ್ಲೇ ಹುಟ್ಟಿದವಳು. ಅದನ್ನೇನು ಕೇಳ್ತೀಯ. ನನ್ನ ಹೆಂಡ್ತಿ ಯಾಕೆ ಬರ್ಲಿಲ್ಲ ಅಂತ ಕೇಳು."

ಆ ಹುಡುಗಿ ತಲೆ ತಗ್ಗಿಸಿ ಕಾಗದ ಮಗುಚಿದಳು. ಕೇಳಲಿಲ್ಲ.

ತಿಂಗಳೊಪ್ಪತ್ತಿಗೆ ತೀರ್ಪು ಬಂತು. ಸಂಬಳ ತುಸು ಏರಿತು. ಅಂದು ಮಧ್ಯಾಹ್ನ ಗೋಡೆಗೊರಗಿ ಫೋನಿನಲ್ಲಿ ಅವನು ಹೇಳುತ್ತಿದ್ದ: "ಅಕ್ಕಿ ಎರಡು ಸ್ಟಾಪು ಹತ್ರ ಬಂತು ಕಣೇ, ನೊರೀನ್."

"ಒಳ್ಳೇದಾಯ್ತು. ಮನೆ?"

ಅವನು ಸಮುದ್ರದ ಕಡೆಗೆ ನೋಡಿದ. "ಮನೆ ಇನ್ನೂ ಕೊನೇ ಸ್ಟಾಪ್ ದಾಟಿ ಎಲ್ಲೋ ಇದೆ."

ಇಂಥವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಬಿಟ್ಟು ಹೋಗಬಲ್ಲವರೊಡನೆ ಊರು ಚೌಕಾಸಿಗೆ ಇಳಿಯುತ್ತದೆ, ಬಿಟ್ಟಿರಲಾರದವರಿಂದ ಕೇಳಿದಷ್ಟನ್ನೂ ವಸೂಲು ಮಾಡುತ್ತದೆ. ಅವರ ಪ್ರೀತಿಯೇ ಅವರ ಸಂಬಳದಲ್ಲಿ ಮುರಿದುಕೊಳ್ಳುವ ಮೊದಲ ಕಂತು. ಮುಸ್ಸಂಜೆಗೆ ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನಮ್ಮ ನಮ್ಮ ಬೀದಿಗಳಲ್ಲಿ ಇಳಿಸುತ್ತಾರೆ. ಇಳಿಯುವಾಗ ನಾವು ಥ್ಯಾಂಕ್ಸ್ ಎನ್ನುತ್ತೇವೆ, ಅವರು ತಲೆಯಾಡಿಸುತ್ತಾರೆ. ಆ ಥ್ಯಾಂಕ್ಸಿಗೆ ಅಕ್ಕಿ ಬರುವುದಿಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು.