ಬಿಚ್ಚಬಾರದ ಹಗ್ಗ

ಅಖಿಲಾಳ ಫೋನು ಬಂದಾಗ ಬೆಳಿಗ್ಗೆ ಒಂಬತ್ತು ದಾಟಿತ್ತು. ಆಶಪ್ಪ ಬಲೆ ಎತ್ತಿ ಆಗಷ್ಟೇ ಕೃಷ್ಣೆಯ ದಂಡೆಗೆ ಬಂದಿದ್ದ. ಡಿಸೆಂಬರಿನ ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ಆಚೆ ದಂಡೆಯ ಗದ್ವಾಲ್ ಸೀಮೆ ಅರ್ಧ ಅಳಿಸಿದ ಬರಹದಂತೆ ಕಾಣುತ್ತಿತ್ತು. ಅವನ ಹೆಂಡತಿ ಬುಗ್ಗಮ್ಮ ಅಂಗನವಾಡಿ ಟೀಚರು. ನಾರಾಯಣಪೇಟೆಯ ಮೀಟಿಂಗಿಗೆಂದು ಮಕ್ತಲ್ ಬಸ್ಸು ಹಿಡಿಯಲು ಹೊರಟವಳು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನದಿಗೆ ಓಡಿ ಬಂದಳು.

"ನಿಮ್ಮ ಮಗಳು, ವಿಡಿಯೋದಾಗ ಅದಾಳ. ಕೈ ಒರೆಸ್ಕೊಳ್ರಿ ಮೊದ್ಲ, ಮೀನಿನ ಹೊಲಸು ಫೋನಿಗೆ ಹಚ್ಚಬ್ಯಾಡ್ರಿ."

ಇಪ್ಪತ್ತಾರು ವರ್ಷದ ಅಖಿಲಾ ದಕ್ಷಿಣ ಹಿಂದೂ ಮಹಾಸಾಗರದಲ್ಲಿದ್ದಳು. ಜಗತ್ತು ಸುತ್ತುವ ಹಾಯಿದೋಣಿ ಸ್ಪರ್ಧೆ, ದೋಣಿಯಲ್ಲಿ ಎಂಟು ಜನ. ಗದ್ವಾಲಿನ ಹಾಸ್ಟೆಲ್ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಾಗ ಹೈದರಾಬಾದಿನವರು ಬಂದು, ಈಜು ಬಲ್ಲ ಮಕ್ಕಳನ್ನು ಆರಿಸಿ ಹಾಯಿ ಕಲಿಸಲು ಕರೆದೊಯ್ದಿದ್ದರು. ಅಲ್ಲಿಂದ ಮುಂದಿನದೆಲ್ಲ ಅವಳದೇ ದುಡಿಮೆ. ಬುಗ್ಗಮ್ಮ ದಿನವೂ ಫೋನಿನ ನಕಾಶೆಯಲ್ಲಿ ಆ ದೋಣಿಯ ಕೆಂಪು ಚುಕ್ಕಿ ಹುಡುಕುವಳು. ಆ ದಿನ ಚುಕ್ಕಿ ಮಕ್ತಲ್‌ನ ರೇಖಾಂಶದ ಮೇಲೇ ಇತ್ತು. ಅಂದರೆ ಈ ದಂಡೆಯಿಂದ ನೇರ ದಕ್ಷಿಣಕ್ಕೆ, ಸುಮಾರು ಆರೂವರೆ ಸಾವಿರ ಕಿಲೋಮೀಟರು. ತಂದೆಯ ನೆತ್ತಿಗೂ ಮಗಳ ನೆತ್ತಿಗೂ ಒಂದೇ ಹೊತ್ತಿಗೆ ಮಧ್ಯಾಹ್ನ.

"ಅಪ್ಪಾ, ಬಿಸಿಲು ಐತೇನು ಅಲ್ಲಿ?"

"ಮಂಜಿನಾಗ ಐತಿ, ಬಿಡ್ಡಾ." ಮಗಳನ್ನು ಅವನು ಕರೆಯುವುದೇ ಹಾಗೆ.

"ಇಲ್ಲಿ ಮೋಡದಾಗ ಐತಿ." ಅವಳ ತುಟಿ ಒಡೆದಿತ್ತು. "ಅಪ್ಪಾ, ನೀ ಕಲಿಸಿದ್ದೊಂದು ನೀನೇ ವಾಪಸ್ ತಗೋಬೇಕು."

ಅವಳು ಹೇಳಿದ್ದಿಷ್ಟು. ಮೂರು ದಿನದ ಹಿಂದೆ ದೋಣಿಯ ಎರಡು ಚುಕ್ಕಾಣಿಗಳಲ್ಲಿ ಒಂದು ಮುರಿದು, ದೋಣಿ ಪಕ್ಕಕ್ಕೆ ಉರುಳಿತ್ತು. ಅಲ್ಲಿ ಎಲ್ಲರೂ ಎದೆಗೊಂದು ಪಟ್ಟಿ ಬಿಗಿದು, ಅದರ ಹಗ್ಗವನ್ನು ದೋಣಿಗೆ ಕೊಕ್ಕೆಯಿಂದ ಸಿಕ್ಕಿಸಿಕೊಂಡೇ ಮೇಲೆ ಓಡಾಡಬೇಕು. ಕಡಲಿಗೆ ಬಿದ್ದವರನ್ನು ಆ ಅಲೆಗಳಲ್ಲಿ ಹುಡುಕುವುದು ಹೆಚ್ಚುಕಡಿಮೆ ಆಗದ ಮಾತು. ದೋಣಿ ಉರುಳಿದಾಗ ಏಳು ಜನ ಹಗ್ಗ ಗಟ್ಟಿಯಾಗಿ ಹಿಡಿದರು. ಅಖಿಲಾ ಒಬ್ಬಳೇ ಎದೆಯ ಬಳಿ ಹಗ್ಗ ಕಳಚುವ ಗುಂಡಿ ಎಳೆದುಬಿಟ್ಟಳು. ಜೊತೆಯವನೊಬ್ಬ ಅವಳ ಕಾಲು ಹಿಡಿದುಕೊಂಡ. ಅವಳು ಉಳಿದಳು, ಅವನ ಎರಡು ಪಕ್ಕೆಲುಬು ಬಿರುಕುಬಿಟ್ಟವು.

ಆಶಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹರಗೋಲಿಗೆ ಈ ದಂಡೆಯಲ್ಲಿ ಪುಟ್ಟಿ ಎನ್ನುತ್ತಾರೆ. ಪುಟ್ಟಿಯಲ್ಲಿ ಮೈಗೆ ಏನನ್ನೂ ಕಟ್ಟಬಾರದು. ಹತ್ತುವ ಹೆಂಗಸರ ಸೆರಗು ಸಂತೆಯ ಬುಟ್ಟಿಗೆ ಗಂಟು ಬಿದ್ದಿದ್ದರೆ ಬಿಚ್ಚಿಸುತ್ತಾರೆ, ಮೇಕೆಯ ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಲು ಬಿಡುವುದಿಲ್ಲ. ಆಶಪ್ಪನ ಅಣ್ಣ ಪೆದ್ದಯ್ಯ ಒಮ್ಮೆ ಬಲೆಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ. ಸುಳಿಯಲ್ಲಿ ಪುಟ್ಟಿ ಮಗುಚಿತು, ಬಲೆ ಬಂಡೆಗೆ ಸಿಕ್ಕಿತು. ಎರಡನೇ ದಿನ ಅವನ ಹೆಣ ಎತ್ತಿದವನು ಆಶಪ್ಪನೇ. ಅದಕ್ಕೇ ಮಗಳಿಗೆ ಏಳು ವರ್ಷ ತುಂಬಿದಾಗ ಇದೇ ಮಡುವಿನಲ್ಲಿ ದಿನಕ್ಕೆ ಹತ್ತು ಸಲ ಪುಟ್ಟಿ ಮಗುಚಿ ಕಲಿಸಿದ್ದ: ಮೊದಲು ಮೈ ತಡವು, ಏನಿದ್ದರೂ ಬಿಚ್ಚು, ಆಮೇಲೆ ಈಜು.

"ಸಂಜಿಗೆ ದೊಡ್ಡ ಗಾಳಿ ಬರ್ತೈತಿ," ಅಂದಳು ಅಖಿಲಾ. "ಅದಕ್ಕ ಮೊದ್ಲ ಬ್ಯಾರೆ ಚುಕ್ಕಾಣಿ ಕೂಡ್ರಿಸಬೇಕು. ದೋಣಿ ಹಿಂದ ಜೋತು ಬಿದ್ದು ಮಾಡೋ ಕೆಲ್ಸ. ಗೊತ್ತಿದ್ದವ್ರು ಇಬ್ರೇ, ನಾನು, ಆ ಪಕ್ಕೆಲುಬಿನಾಂವ. ನಾ ಆಗಂಗಿಲ್ಲಂದ್ರ ಕ್ಯಾಪ್ಟನ್ ಅವ್ನನ್ನ ಇಳಿಸ್ತಾಳ."

"ಆ ಗುಂಡಿಗೆ ಬಟ್ಟಿ ಸುತ್ತಿ ಕಟ್ಟಿಬಿಡು," ಎಂದಳು ಬುಗ್ಗಮ್ಮ.

"ಖರೇನ ಬೇಕಾದಾಗ ತೆಗ್ಯಾಕ ಬರಂಗಿಲ್ಲ ಯವ್ವಾ. ಹಗ್ಗ ನೀರಿನಾಗ ಎಳಕೊಂಡು ಹೋದ್ರ ಅದೊಂದೇ ದಾರಿ."

ಆಶಪ್ಪ ಫೋನಿನತ್ತ ಬಾಗಿದ. "ಬಿಚ್ಚಬ್ಯಾಡ ಬಿಡ್ಡಾ. ಹೇಳೀನಿ."

"ಬಾಯಾಗ ಹೇಳಿದ್ರ ಕೈಗೆ ಹ್ಯಾಂಗ ತಿಳೀತೈತಿ? ನೀ ಬಾಯಾಗ ಕಲಿಸಿದಿ ಏನು?"

ಆಶಪ್ಪ ಬಲೆಯ ಹಗ್ಗ ಬಿಡಿಸಿ ಒಂದು ತುದಿ ಸೊಂಟಕ್ಕೆ ಕಟ್ಟಿಕೊಂಡ. ಐವತ್ನಾಲ್ಕು ವರ್ಷದಲ್ಲಿ ಇದೇ ಮೊದಲು. ಇನ್ನೊಂದು ತುದಿಯನ್ನು ಜಾಲಿಮರಕ್ಕೆ ಎರಡು ಸುತ್ತು ಹಾಕಿ ಬುಗ್ಗಮ್ಮನ ಕೈಗೆ ಕೊಟ್ಟ.

"ಹುಚ್ಚು ಹಿಡದೈತೇನ್ರಿ?" ಎಂದಳು ಅವಳು. "ನಿಮ್ಮಣ್ಣ..."

"ಅಣ್ಣನ ಹಗ್ಗದ ಆ ತುದಿ ಬಂಡೆಗಲ್ಲಿನ ಕೈಯಾಗಿತ್ತು. ನಂದು ನಿನ್ನ ಕೈಯಾಗ ಐತಿ."

ಫೋನನ್ನು ದಂಡೆಯ ಮೇಲಿನ ಮೀನಿನ ಬುಟ್ಟಿಗೆ ಒರಗಿಸಿಟ್ಟರು. ಆಶಪ್ಪ ಪುಟ್ಟಿ ಹತ್ತಿ ಮಡುವಿನ ನಡುವಿಗೆ ಹುಟ್ಟು ಹಾಕಿ, ಎದ್ದು ನಿಂತು, ಪುಟ್ಟಿಯ ಒಂದು ಅಂಚು ತುಳಿದ.

ನೀರಿನೊಳಗೆ ಸದ್ದೇ ಇರಲಿಲ್ಲ. ಮೇಲೆ ಪುಟ್ಟಿಯ ದುಂಡು ಕತ್ತಲು, ಸುತ್ತ ಹಸಿರು ಬೆಳಕು. ಈ ನೀರಿಗೆ ತಳವಿಲ್ಲ, ಇದು ಹೀಗೇ ದಕ್ಷಿಣಕ್ಕೆ ಸಾಗಿ ಮಗಳ ದೋಣಿಯ ಕೆಳಗೂ ಇದೆ ಎಂದು ಅವನಿಗೆ ಅನ್ನಿಸಿತು. ಪೆದ್ದಯ್ಯ ಬೀಡಿ ಕೇಳುವವನಂತೆ ಪಕ್ಕದಲ್ಲೇ ತೇಲುತ್ತಿದ್ದ. ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು. ಬೆರಳು ಗಂಟನ್ನು ಹಿಡಿಯಿತು. ಬೇಡ ಎಂದರೆ ಬೆರಳು ಕೇಳಲಿಲ್ಲ. ಆಗ ಅವನು ಬೇಡ ಎನ್ನುವುದನ್ನು ಬಿಟ್ಟು, ಪುಟ್ಟಿಯ ಅಂಚು ಹಿಡಿ ಎಂದ. ಕೈ ಹೋಗಿ ಅಂಚು ಹಿಡಿಯಿತು. ಎರಡನೆಯದೂ ಹಿಡಿಯಿತು. ಹಗ್ಗ ಬಿಗಿಯಾಯಿತು. ಬುಗ್ಗಮ್ಮ ಎಳೆಯುತ್ತಿದ್ದಳು.

ದಂಡೆಗೆ ಬಿದ್ದವನು ಕೆಮ್ಮಿ ಕೆಮ್ಮಿ ಫೋನಿನ ಮುಂದೆ ಕುಳಿತ.

"ನಿನ್ನ ಕೈ ಗಂಟಿಗೆ ಹೋತೇನಪ್ಪಾ?" ಅಖಿಲಾ ಅಳುತ್ತಿದ್ದಳು.

"ಹೋತು. ಹೋಗೇ ಹೋಗ್ತೈತಿ. ಬ್ಯಾಡಂತ ಬೈಬ್ಯಾಡ ಅದಕ್ಕ. ಬ್ಯಾರೆ ಕೆಲ್ಸ ಹೇಳು. ಎರಡೂ ಕೈಗೂ ಏನಾರ ಹಿಡ್ಯಾಕ ಕೊಡು."

ಅವಳು ಮೂಗೊರೆಸಿಕೊಂಡಳು. "ಆತು. ಎಡಗೈಗೆ ಕಂಬಿ, ಬಲಗೈಗೆ ಸ್ಪ್ಯಾನರ್."

ಫೋನು ಕಟ್ಟಾಯಿತು.

ಬುಗ್ಗಮ್ಮನ ಬಸ್ಸು ಹೋಗಿತ್ತು. ಮಂಜು ಕರಗಿ ಗದ್ವಾಲ್ ದಂಡೆ ಸ್ಪಷ್ಟವಾಯಿತು. ಇಬ್ಬರೂ ಜಾಲಿಯ ನೆರಳಿನಲ್ಲಿ ಕುಳಿತರು. ನಕಾಶೆಯ ಚುಕ್ಕಿ ಅಲುಗಲಿಲ್ಲ. ಅವಳು ರೊಟ್ಟಿ ಬಿಚ್ಚಿದಳು, ಯಾರೂ ಮುಟ್ಟಲಿಲ್ಲ. ಹಗ್ಗ ಇನ್ನೂ ಅವನ ಸೊಂಟದಲ್ಲೇ, ಅದರ ಇನ್ನೊಂದು ತುದಿ ಜಾಲಿಮರದಲ್ಲೇ ಇತ್ತು. ಬಿಚ್ಚಿದರೆ ಅಲ್ಲಿ ಮಗಳ ದೋಣಿಯಲ್ಲಿ ಏನೋ ಸಡಿಲವಾದೀತು ಎಂಬಂತೆ ಅವನು ಅದರ ಹತ್ತಿರ ಕೈ ತರಲಿಲ್ಲ. ಅರ್ಥವಿಲ್ಲದ್ದು ಎಂದು ಅವನಿಗೂ ಗೊತ್ತಿತ್ತು.

ಹನ್ನೆರಡು ನಲವತ್ತಕ್ಕೆ ಧ್ವನಿ ಸಂದೇಶ ಬಂತು. ಗಾಳಿಯ ಸದ್ದೇ ಹೆಚ್ಚು, ನಡುವೆ ಅಖಿಲಾಳ ದನಿ: "ಚುಕ್ಕಾಣಿ ಕುಂತೈತಿ ಅಪ್ಪಾ. ಎಲ್ರೂ ಒಳಗ ಅದೀವಿ. ಮೂರು ಸಲ ಕೈ ಹೋಗಿತ್ತು. ಮೂರೂ ಸಲ ಕರ್ಕೊಂಡು ಬಂದೆ."

ಆಶಪ್ಪ ಅದನ್ನು ನಾಲ್ಕು ಸಲ ಕೇಳಿದ. ಬುಗ್ಗಮ್ಮ ಕಣ್ಣೊರೆಸಿಕೊಂಡು ಅವನ ಸೊಂಟದ ಗಂಟಿಗೆ ಕೈ ಹಾಕಿದಳು. ಎಳೆತಕ್ಕೆ ಅದು ಕಲ್ಲಾಗಿತ್ತು.

"ಏನ್ರೀ ಇದು! ಬಲೆಗಂಟು ಹಾಕ್ಕೊಂಡೀರಲ್ಲ. ಮೀನೇನು ನೀವು?"

"ಮೈಗೆ ಕಟ್ಟೋ ಗಂಟು ನಂಗ ಯಾರು ಕಲಿಸ್ಯಾರ?" ಎಂದ ಆಶಪ್ಪ.

ಅವಳು ನಗುತ್ತಾ ಕುಡುಗೋಲು ತರಲು ಮನೆ ಕಡೆ ನಡೆದಳು. ಹಗ್ಗ ಬಿಟ್ಟಷ್ಟು ದೂರ ಅವನೂ ಅವಳ ಹಿಂದೆ ಹೋದ.