ಪ್ರಶ್ನೆಗೊಂದು ಖರ್ಜೂರ

ಚರ್ಚಿನ ಶುಕ್ರವಾರದ ಧರ್ಮೋಪದೇಶದ ತರಗತಿಯಲ್ಲಿ ನಾನು ಪ್ರಶ್ನೆ ಕೇಳುತ್ತೇನೆ, ಮಕ್ಕಳು ಉತ್ತರ ಹೇಳುತ್ತಾರೆ. ತಿರುಗಿ ನನ್ನನ್ನೇ ಪ್ರಶ್ನಿಸುವ ಮಕ್ಕಳನ್ನು ಕಂಡರೆ ನನಗೆ ತಲೆಬಿಸಿ. ಪೆಟ್ರೊನಿಲ್ಲಾ ಟೀಚರ್ ಜೋರು ಎಂದು ಗಲ್ಫಿನ ಈ ಉಮ್ ಅಲ್ ಹಸ್ಸಮ್ ಬಡಾವಣೆಯ ಮಂಗಳೂರಿನವರಿಗೆಲ್ಲ ಗೊತ್ತು. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮೇಲಿನ ಮಹಡಿಯ ಮಾರ್ಸೆಲ್ ಆಂಟಿಯ ತರಗತಿ ನೋಡಿ ದಂಗಾದೆ. ಆಂಟಿ ಇಲ್ಲೇ ಹುಟ್ಟಿ ಬೆಳೆದ ಯಹೂದಿ. ಅಜ್ಜನ ಕಾಲಕ್ಕೆ ಬಾಗ್ದಾದಿನಿಂದ ಬಂದ ಮನೆತನ. ಇಲ್ಲಿ ಅವರ ಜನ ತೀರಾ ಕಡಿಮೆ. ಈ ಊರಿಗೆ ರಜೆ ಶುಕ್ರವಾರ. ಭಾನುವಾರ ಶಾಲೆ ಬಿಟ್ಟ ಮೇಲೆ ನಾಲ್ಕು ಮಕ್ಕಳನ್ನು ತಮ್ಮ ಮನೆಯ ಹಾಲ್‌ನಲ್ಲಿ ಕೂರಿಸಿಕೊಂಡು ಹೀಬ್ರೂ ಅಕ್ಷರ, ಪ್ರಾರ್ಥನೆ, ಹಬ್ಬದ ಕಥೆ ಕಲಿಸುತ್ತಾರೆ. ನಾನು ನರ್ಸ್. ಅವರ ಬಿ.ಪಿ. ನೋಡಲು ಹೋದವಳು ಚಹಾ ಕುಡಿಯುತ್ತ ಅಲ್ಲೇ ಕೂತುಬಿಡುತ್ತಿದ್ದೆ.

ಅವರ ಕ್ರಮವೇ ಬೇರೆ. ಸರಿಯಾದ ಉತ್ತರ ಹೇಳಿದವರಿಗೆ ಏನೂ ಇಲ್ಲ. ಒಳ್ಳೆಯ ಪ್ರಶ್ನೆ ಕೇಳಿದವರಿಗೆ ಒಂದು ಖರ್ಜೂರ.

“ಉತ್ತರ ಪುಸ್ತಕದಲ್ಲಿ ಉಂಟಲ್ಲ ಪೆಟ್ರೊನಿಲ್ಲಾ. ಪ್ರಶ್ನೆ ಮಗುವೇ ತರ್ಬೇಕು,” ಎಂದರು. ನಾವು ಆಡುವುದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಮಾತ್ರ ಅದು ಊರಿನ ಕನ್ನಡದ ಹಾಗೆಯೇ ಕೇಳುತ್ತದೆ.

ವರ್ಷವಿಡೀ ಒಂದೂ ಖರ್ಜೂರ ಸಿಗದಿದ್ದವಳು ತಮಾರ್. ಆರು ವರ್ಷ, ಎಲ್ಲರಿಗಿಂತ ಚಿಕ್ಕವಳು, ಬಾಯಿಗೆ ಬೀಗ. ಅವರ ಪಾಸ್ಕ ಹಬ್ಬದ ಊಟಕ್ಕೆ ಕೂತಾಗ ಎಲ್ಲರಿಗಿಂತ ಚಿಕ್ಕ ಮಗುವೇ, ಈ ರಾತ್ರಿ ಯಾಕೆ ಬೇರೆ ರಾತ್ರಿಗಳ ಹಾಗಿಲ್ಲ ಎಂದು ಕೇಳಬೇಕಂತೆ. ಮಗು ಕೇಳಿದ ಮೇಲೆಯೇ ದೊಡ್ಡವರು ತಮ್ಮ ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದ ಪಾರಾದ ಕಥೆ ಹೇಳುವುದು. ಹೋದ ವರ್ಷ ತಮಾರ್ ಸುಮ್ಮನೆ ಕೂತಿದ್ದಳು.

“ಈ ಸಲವೂ ಬಾಯಿ ಬಿಡದಿದ್ರೆ ಮೂವರನ್ನೂ ಲಂಡನ್ನಿನ ಆನ್‌ಲೈನ್ ಕ್ಲಾಸಿಗೆ ಹಾಕ್ತೇನೆ ಆಂಟಿ,” ಎಂದ ಅವಳಪ್ಪ. ಅವಳ ಜೊತೆ ಅಣ್ಣಂದಿರಿಬ್ಬರೂ ಹೋದರೆ ಉಳಿಯುವುದು ಒಂದು ಮಗು. ತರಗತಿ ಮುಚ್ಚಿದ ಹಾಗೆಯೇ. ಅವತ್ತು ಆಂಟಿಯ ಬಿ.ಪಿ. ನೋಡಿ ನನಗೇ ಹೆದರಿಕೆಯಾಯಿತು.

“ನನ್ನ ಹತ್ರ ಬಿಡಿ, ವಾರದಲ್ಲಿ ಬಾಯಿಪಾಠ ಮಾಡಿಸ್ತೇನೆ,” ಎಂದೆ.

“ಬಾಯಿಪಾಠ ಬರ್ತದೆ ಹಬೀಬ್ತಿ. ಧೈರ್ಯ ಬರ್ಬೇಕಷ್ಟೆ,” ಎಂದರು ಆಂಟಿ. ಅರಬಿಯ ಹಬೀಬ್ತಿ ಎಂದರೆ ಮುದ್ದಿನವಳು.

ಹಬ್ಬಕ್ಕೆ ಆಂಟಿ ತಮ್ಮ ಮನೆಗೆ ನನ್ನನ್ನೂ ಕರೆದಿದ್ದರು. ಹಬ್ಬದ ಮನೆಗೆ ಕೈಬೀಸಿಕೊಂಡು ಹೋಗುವುದುಂಟೆ? ಹಿಂದಿನ ದಿನವೇ ಬಾಳೆಹಣ್ಣು, ಮೊಸರು, ಮೈದಾ ಕಲಸಿಟ್ಟು, ಹಬ್ಬದ ದಿನ ಬನ್ಸ್ ಕರಿದೆ. ಒಂದೊಂದೂ ಚೆಂದಕ್ಕೆ ಉಬ್ಬಿತ್ತು. ಬಿಸಿ ಡಬ್ಬ ಹಿಡಿದು ಸಂಜೆ ಬೆಲ್ ಒತ್ತಿದರೆ ಬಾಗಿಲು ತೆರೆದವಳು ತಮಾರ್. ಮೂಗರಳಿಸಿದವಳೇ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

“ಆಂಟಿ, ಇದು ಅಕ್ಕಿಯದ್ದಾ, ಗೋಧಿಯದ್ದಾ?”

“ಗೋಧಿ. ಮೈದಾ,” ಎಂದೆ. ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

“ಕಲಸಿ ಎಷ್ಟು ಹೊತ್ತು ಇಟ್ರಿ?”

“ನಿನ್ನೆಯಿಂದ ಇಟ್ಟದ್ದು. ಇಲ್ಲದಿದ್ರೆ ಉಬ್ಬುವುದಿಲ್ಲ ಮಗಾ.”

“ಹಾಗಾದ್ರೆ ಒಳಗೆ ತರ್ಲಿಕ್ಕಿಲ್ಲ. ನಿನ್ನೆ ನಾವು ಮೇಣದಬತ್ತಿ ಹಿಡ್ಕೊಂಡು ಬ್ರೆಡ್ಡಿನ ಚೂರೆಲ್ಲ ಹುಡುಕಿದ್ದು. ಬೆಳಿಗ್ಗೆ ಸುಟ್ಟದ್ದು. ಈಜಿಪ್ಟಿನಿಂದ ಹೊರಟವರಿಗೆ ಹಿಟ್ಟು ಉಬ್ಬುವಷ್ಟು ಪುರುಸೊತ್ತು ಇರ್ಲಿಲ್ಲ ಆಂಟಿ. ಅದಕ್ಕೆ ನಾವೂ ಉಬ್ಬಿದ್ದು ತಿನ್ನುವುದಿಲ್ಲ.”

ಅವಳ ಬೆನ್ನ ಹಿಂದೆ ಮಾರ್ಸೆಲ್ ಆಂಟಿಯೂ ಅವಳಪ್ಪನೂ ಬಂದು ನಿಂತಿದ್ದರು. ಅದೇ ಕಥೆಯನ್ನು ಚರ್ಚಿನಲ್ಲಿ ನಾನೂ ಎಷ್ಟು ವರ್ಷ ಪಾಠ ಮಾಡಿದ್ದೇನೆ. ನನ್ನ ಬನ್ಸಿಗೂ ಅದಕ್ಕೂ ಸಂಬಂಧವಿದೆಯೆಂದು ಹೊಳೆದೇ ಇರಲಿಲ್ಲ. ಈ ಮಗು ಕಥೆಯನ್ನು ಅಡುಗೆಮನೆಯವರೆಗೂ ಕಲಿತಿತ್ತು. ಕಲಿಸಿದವರ ಬಗ್ಗೆ ಅಷ್ಟು ಗೌರವ ನನಗೆ ಹಿಂದೆಂದೂ ಮೂಡಿರಲಿಲ್ಲ. ಡಬ್ಬವನ್ನು ಕೆಳಗೆ ವಾಚ್‌ಮನ್ ಅಫ್ಸಲ್‌ಗೆ ಕೊಟ್ಟು ಕೈ ತೊಳೆದು ಮತ್ತೆ ಹತ್ತಿ ಬಂದೆ.

ಎಲ್ಲರೂ ಮೇಜಿನ ಸುತ್ತ ಕೂತೆವು. ತಮಾರಳ ಸರದಿ ಬಂತು. ಅವಳು ತಟ್ಟೆ ನೋಡುತ್ತ ಕೂತಳು. ನೀನೇ ಕೇಳು ಎಂಬಂತೆ ಅಪ್ಪ ದೊಡ್ಡ ಮಗನತ್ತ ತಿರುಗಿದ. ಆಂಟಿ ಮಾತ್ರ ಕಾದರು. ಮನಸ್ಸಿನಲ್ಲೇ ನಾನು ಮಾತೆ ಮರಿಯಳನ್ನು ಕರೆದೆ. ಅವಳೂ ಯಹೂದಿ ತಾಯಿಯಲ್ಲವೇ.

ತಮಾರ್ ತಲೆಯೆತ್ತಿ, ಬಾಗಿಲಲ್ಲಿ ನೋಡಿದ ಹಾಗೆಯೇ ನನ್ನನ್ನು ನೋಡಿದಳು. ಆಮೇಲೆ ಹೀಬ್ರೂವಿನಲ್ಲಿ ಸಣ್ಣ ಸ್ವರದಲ್ಲಿ ಶುರು ಮಾಡಿ, ಒಂದೂ ಬಿಡದೆ ಎಲ್ಲ ಪ್ರಶ್ನೆ ಕೇಳಿ ಮುಗಿಸಿದಳು. ಆಂಟಿ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಅಳುವೇ ಬಂತು.

ಅಷ್ಟಕ್ಕೆ ನಿಲ್ಲಲಿಲ್ಲ. ಪುಸ್ತಕದಲ್ಲಿಲ್ಲದ್ದೂ ಒಂದು ಬಂತು.

“ನಿಮ್ಮದು ಚರ್ಚಲ್ವಾ ಆಂಟಿ? ಮತ್ತೆ ನಮ್ಮ ಹಬ್ಬಕ್ಕೆ ಯಾಕೆ ಬಂದದ್ದು?”

ಅಪ್ಪ ತಡೆಯಲು ಹೋದ. ಆಂಟಿ ಕೈಸನ್ನೆ ಮಾಡಿ ಅವನನ್ನೇ ತಡೆದರು.

“ನಿನ್ನ ಸ್ವರ ಕೇಳ್ಲಿಕ್ಕೆ ಮಗಾ,” ಎಂದೆ.

ಅವಳಪ್ಪ ಮಾರ್ಸೆಲ್ ಆಂಟಿಯತ್ತ ತಿರುಗಿ, “ಹಬ್ಬ ಕಳೆದು ಕ್ಲಾಸು ಯಾವ ಭಾನುವಾರ ಶುರು ಆಂಟಿ? ಮೂವರನ್ನೂ ಬಿಡ್ತೇನೆ,” ಎಂದ.

ಮಾರ್ಸೆಲ್ ಆಂಟಿ ಖರ್ಜೂರದ ತಟ್ಟೆಯನ್ನು ತಮಾರಳ ಮುಂದೆ ಸರಿಸಿದರು. ಅವಳು ದೊಡ್ಡದೊಂದನ್ನು ಆರಿಸಿಕೊಂಡಳು. ಖುಷಿಯಲ್ಲಿ ನಾನೂ ಕೈ ಚಾಚಿದೆ.

ತಮಾರ್ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

“ನೀವು ಉತ್ತರ ಹೇಳಿದ್ದಲ್ವಾ? ಉತ್ತರಕ್ಕೆ ಖರ್ಜೂರ ಇಲ್ಲ ಆಂಟಿ.”