ಓರೆ ಕೊಯ್ದ ಮೂಲೆ

ನಾಲ್ಕನೆಯ ಮರದ ಪಟ್ಟಿಯ ತುದಿಗೂ ಅಂಟು ಸವರಿ ಅವಳು ಮೂಲೆಗೆ ಮೂಲೆ ಒತ್ತಿದಳು. ಒತ್ತಿದ ಕೂಡಲೇ ಎದುರಿನ ಮೂಲೆ ಬಾಯಿ ಬಿಟ್ಟಿತು. ಅದನ್ನು ಒತ್ತಿದರೆ ಇದು ಜಾರಿತು. ಒಳಕೋಣೆಯಲ್ಲಿ ಗಂಡನ ಹೆಣದ ಸುತ್ತ ಜನ ಕೂತಿದ್ದರು. ಹೊರಗೆ ವ್ಯಾನಿನವನು ಎಂಜಿನ್ ಆರಿಸದೆ ಕಾಯುತ್ತಿದ್ದ. ನಡುವಿನ ಅಂಗಡಿಕೋಣೆಯಲ್ಲಿ, ಗಂಡ ಜೀವಮಾನವೆಲ್ಲ ಫೋಟೋಗಳಿಗೆ ಕಟ್ಟು ಹಾಕಿದ ಮೇಜಿನ ಮೇಲೆ, ಅವನು ಕೊಯ್ದಿಟ್ಟು ಹೋದ ಪೆಟ್ಟಿಗೆಯನ್ನು ಕೂಡಿಸಲು ಅವಳು ಹೆಣಗುತ್ತಿದ್ದಳು.

ನಾದಿನಿ ಬಾಗಿಲಿಗೆ ಬಂದಳು. "ಅತ್ತಿಗೆ, ಎತ್ತೋ ಹೊತ್ತಾಯ್ತು. ಬನ್ನಿ."

"ಇದನ್ನ ಅವರಿಗೆ ತೋರಿಸಿ ಕಳಿಸ್ತೀನಿ."

ಪಕ್ಕದಲ್ಲಿ ಪೆಟ್ಟಿಗೆಯ ಹಿಂಬದಿಯ ಹಲಗೆ ಇತ್ತು. ಬೆಳಿಗ್ಗೆ ಉಳಿದವರು ಅವನ ಮೈ ಒರೆಸುತ್ತಿದ್ದಾಗ ಅವಳು ಇಲ್ಲಿ ಕೂತು, ಅದಕ್ಕೆ ಹೊದಿಸಿದ್ದ ಬಟ್ಟೆಯ ಮೇಲೆ ಹಳದಿ ಫ್ರಾಕೊಂದನ್ನು ಎರಡೂ ಭುಜದ ಹತ್ತಿರ ಹೊಲಿದಿದ್ದಳು. ಮೂರು ವರ್ಷ ತುಂಬಿದ ಮೇಲೆ ಜ್ವರದಲ್ಲಿ ಹೋದ ಮಗಳ ಫ್ರಾಕು. ಹೋಗಿ ಎಷ್ಟೋ ಕಾಲವಾಗಿತ್ತು.

*

ಬೀದಿಯವರ ಬಾಯಲ್ಲಿ ಅವನು ಫ್ರೇಮಣ್ಣ. ಬರೀ ಫೋಟೋಗಳಿಗಲ್ಲ, ವಸ್ತು ಹಿಡಿಸುವಂಥ ಆಳದ ಪೆಟ್ಟಿಗೆಕಟ್ಟನ್ನೂ ಮಾಡುತ್ತಿದ್ದ: ಯಾರದೋ ಅಜ್ಜನ ಕನ್ನಡಕಕ್ಕೆ, ಓಟದಲ್ಲಿ ಗೆದ್ದ ಪದಕಕ್ಕೆ, ಮಗುವಿನ ಮೊದಲ ಬೂಟಿಗೆ. ಮಗಳು ಹೋದ ಮೇಲೆ ಫ್ರಾಕಿಗೂ ಒಂದು ಮಾಡಲು ಹೊರಟ. ಗಾಜು ನೆರಿಗೆಯನ್ನು ಅಮುಕಬಾರದೆಂದು ನಾಲ್ಕು ಬೆರಳು ಆಳ ಇಟ್ಟ.

ಮೊದಲು ಬೀಟೆ ಮರ ತಂದ. ಕಪ್ಪಾಯಿತು ಎಂದಳು. ಹೊಸ ತೇಗ ತಂದ. ಎಣ್ಣೆ ಬಿಟ್ಟು ಬಟ್ಟೆಗೆ ಕಲೆ ಹತ್ತುತ್ತದೆ ಎಂದಳು. ಅದು ನಿಜವೇ ಎಂದು ಅವನೂ ಒಪ್ಪಿದ. ಕೊನೆಗೆ ಕೆಡವಿದ ಯಾವುದೋ ಮನೆಯ ಕಿಟಕಿಯ ಹಳೇ ಬಾಗಿಲನ್ನು ಹೆಗಲ ಮೇಲೆ ಹೊತ್ತು ತಂದ.

"ಇದು ಹಿಗ್ಗೋದು ಕುಗ್ಗೋದು ಎಲ್ಲ ಮುಗಿಸಿ ಕೂತಿದೆ ಕಣೇ. ನಮ್ಮ ಹಾಗೇನೇ. ಇನ್ನು ತಂಟೆ ಮಾಡಲ್ಲ."

ಮರದಲ್ಲಿ ಹುಳುಕು ಸಿಗದೆ ಅವಳು ಕೂಡಿಕೆಯ ತಂಟೆಗೆ ಹೋದಳು. ಬೆರಳಿಗೆ ಬೆರಳು ಹೆಣೆದ ಹಾಗೆ ಹಲ್ಲು ಹಲ್ಲಾಗಿ ಕೊಯ್ದು ಕೂಡಿಸಿದ್ದ ಅವನು, ಅಂಟಿಲ್ಲದಿದ್ದರೂ ಬಿಟ್ಟುಕೊಡದಂಥ ಮೂಲೆ. "ಹಲ್ಲು ಕಿರಿದ ಹಾಗಿದೆ. ಮಗು ಹೆದರುತ್ತೆ," ಎಂದಳು. ಅವನು ಅವಳ ಮುಖವನ್ನೊಮ್ಮೆ ನೋಡಿ ಎಲ್ಲ ಬಿಚ್ಚಿದ. ಉಳಿದ ಮರದಲ್ಲಿ ಮೂಲೆಗಳನ್ನು ಓರೆಯಾಗಿ ಕೊಯ್ದ. ಓರೆಮೂಲೆ ಕೂಡಿದರೆ ಗೆರೆಯೂ ಕಾಣದಷ್ಟು ಚೆಂದ; ಆದರೆ ಹಸಿ ಅಂಟಿನಲ್ಲಿ ಜಾರುವ ಜಾತಿ. ಸುತ್ತ ಹಗ್ಗ ಬಿಗಿದು ಒಂದು ಹಗಲು ಮುಟ್ಟದೆ ಬಿಡಬೇಕು.

ಬೇಡವಾದ ಪೆಟ್ಟಿಗೆಗಳಲ್ಲಿ ನಾದಿನಿ ಈರುಳ್ಳಿ ತುಂಬಿಟ್ಟುಕೊಂಡಳು. ಗಂಡನ ಗೆಳೆಯ ಬಡಗಿಯಂತೂ ಬಂದಾಗೆಲ್ಲ, ನಿಮ್ಮೆಜಮಾನರು ಈ ಸಲವಾದರೂ ಪಾಸಾದರಾ, ಇನ್ನೂ ಅದೇ ಕ್ಲಾಸಾ ಎಂದು ಕೇಳುತ್ತಿದ್ದ. ಅವಳೂ ನಗುತ್ತಿದ್ದಳು. ಟ್ರಂಕಿನಲ್ಲಿರುವತನಕ ಫ್ರಾಕು ಮಗಳದು, ಗಾಜಿನ ಹಿಂದೆ ಹೋದರೆ ಸತ್ತವಳದು. ಇದನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಹೋದ ವಾರ, ಹಾಸಿಗೆ ಹಿಡಿದವನು ಗಂಜಿಯ ಚಮಚವನ್ನು ಪಕ್ಕಕ್ಕೆ ಸರಿಸಿ ಕೇಳಿದ.

"ನಿಂಗೆ ಮರ ಬೇಡ್ವೋ, ಪೆಟ್ಟಿಗೇನೇ ಬೇಡ್ವೋ?"

ಅವಳು ಚಮಚವನ್ನು ಮತ್ತೆ ಗಂಜಿಗೆ ಅದ್ದಿದಳು.

"ಹೋಗ್ಲಿ ಬಿಡು. ನಾನು ಹೋಗೋದ್ರೊಳಗೆ ಒಂದ್ಸಲ ಅವಳನ್ನ ಅದರಲ್ಲಿ ನೋಡ್ಬೇಕು. ಅಷ್ಟೇ."

ನಾಳೆ ಎಂದಳು. ಮಾರನೆಯ ದಿನವೂ ನಾಳೆ ಎಂದಳು. ಇವತ್ತು ಬೆಳಗಾಗುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

*

ಹಗ್ಗ ತೂಗುತ್ತಿದ್ದ ಮೊಳೆ ಖಾಲಿಯಾಗಿತ್ತು.

"ಮೂಲೆ ಬಿಗಿಯೋ ಹಗ್ಗ ಎಲ್ಲಿ?"

ನಾದಿನಿ ಒಳಕೋಣೆಯ ಕಡೆ ನೋಡಿದಳು. "ಅದರಲ್ಲೇ ಅಣ್ಣನ್ನ ಚಟ್ಟಕ್ಕೆ ಕಟ್ಟಿದಾರೆ ಅತ್ತಿಗೆ. ಬೇರೆ ಸಿಗ್ಲಿಲ್ಲ."

ಅಷ್ಟರಲ್ಲಿ ಬಡಗಿ ಒಳಗೆ ಬಂದ. ಪೆಟ್ಟಿಗೆಯನ್ನೂ ಗೋಡೆಗೆ ಒರಗಿದ್ದ ಗಾಜನ್ನೂ ನೋಡಿ ಅವನ ಮುಖ ಇಳಿದುಹೋಯಿತು. ಗಾಜು ಕೂರುವುದು ಪಟ್ಟಿಗಳ ಒಳಗೆ ಕೊರೆದ ಕಾಲುವೆಯಲ್ಲಿ. ಮೂರು ಬದಿ ಕೂಡಿಸಿ, ಗಾಜು ಇಳಿಸಿ, ಆಮೇಲೆ ನಾಲ್ಕನೆಯದನ್ನು ಮುಚ್ಚಬೇಕು. ಇಷ್ಟು ವರ್ಷ ಕಣ್ಣೆದುರಿಗೇ ಕಂಡವಳು ಮರೆತು ನಾಲ್ಕನ್ನೂ ಕೂಡಿಸಿದ್ದಳು.

"ಬಿಚ್ಚಲಾ ಅಮ್ಮ?" ಎಂದ. ಬಿಚ್ಚಿದರೆ ಅಂಟೆಲ್ಲ ಒರೆಸಿ ಮತ್ತೆ ಮೊದಲಿಂದ ಆಗಬೇಕೆಂದೂ ಅವನೇ ಹೇಳಿದ.

ಹೊರಗೆ ಹಾರನ್ ಆಯಿತು. ವ್ಯಾನಿನವನಿಗೆ ಇನ್ನೊಂದು ಮನೆಗೆ ಹೋಗಬೇಕಿತ್ತಂತೆ.

"ಬೇಡ. ಹಲಗೆ ಕೂರಿಸಿಬಿಡಣ್ಣ."

ಬಡಗಿ ಹಿಂದಿನಿಂದ ಫ್ರಾಕಿನ ಹಲಗೆ ಕೂರಿಸಿ ಪೆಟ್ಟಿಗೆಯನ್ನು ಅವಳ ಎದೆಗೆ ಎತ್ತಿಕೊಟ್ಟ. ಅವಳು ಎರಡು ಬದಿಯಿಂದ ಅಂಗೈಯಲ್ಲಿ ಅಮುಕಿ, ಕೆಳಗಿನ ಪಟ್ಟಿಯನ್ನು ಹೊಟ್ಟೆಗೆ ಕೊಟ್ಟು, ಮೇಲಿನದನ್ನು ಗದ್ದದಿಂದ ಒತ್ತಿ ಹಿಡಿದು ಒಳಗೆ ಹೋದಳು. ಜನ ದಾರಿ ಬಿಟ್ಟರು. ನಾದಿನಿ ಅಣ್ಣನ ಮುಖದ ಮೇಲಿನ ಬಟ್ಟೆ ಸರಿಸಿದಳು.

ಅವಳು ಬಾಗಿದಳು. ಗದ್ದ ಎತ್ತಿದರೆ ಮೂಲೆ ಬಿಡುತ್ತಿತ್ತು. ಹಲ್ಲು ಕಚ್ಚಿಕೊಂಡೇ ಹೇಳಿದಳು.

"ನೋಡ್ರೀ. ಬಂದಿದಾಳೆ."

ಭುಜದಲ್ಲಷ್ಟೇ ಹೊಲಿಗೆಯಿದ್ದ ಫ್ರಾಕು, ತಡೆಯಲು ಗಾಜಿಲ್ಲದೆ, ಪೆಟ್ಟಿಗೆಯಿಂದ ಹೊರಗೆ ಜೋತುಬಿದ್ದು ಅವನ ಕಣ್ಣುಗಳ ಮೇಲೆ ಹರಡಿಕೊಂಡಿತು. ಅದನ್ನು ಸರಿಸಲು ಅವಳಿಗೆ ಕೈಯಿರಲಿಲ್ಲ.

"ಅಣ್ಣನ್ನ ಒಂದ್ಸಲ ಮುಟ್ಟಿ ಅತ್ತಿಗೆ," ಎಂದಳು ನಾದಿನಿ. "ಆಮೇಲೆ ಸಿಗಲ್ಲ."

ಬಡಗಿ ಪೆಟ್ಟಿಗೆ ತಾನು ಹಿಡಿಯುತ್ತೇನೆಂದು ಕೈ ಚಾಚಿದ. ಅವಳು ಎಡ ಅಂಗೈಯನ್ನು ಕೊಂಚ ಸಡಿಲಿಸಿದಳು. ಮೂಲೆ ಕಿರ್ರೆಂದಿತು. ಮತ್ತೆ ಅಮುಕಿ ಹಿಡಿದಳು.

ಜನ ಹೆಣವನ್ನು ಎತ್ತಿದರು. ಫ್ರಾಕು ಅವನ ಮುಖದಿಂದ ಜಾರಿತು. ವ್ಯಾನಿನ ಬಾಗಿಲು ಮುಚ್ಚಿತು, ವ್ಯಾನು ತಿರುವು ದಾಟಿತು, ಬೀದಿಯ ಜನ ಕರಗಿದರು. ಅವಳು ಹೊಸ್ತಿಲಲ್ಲಿ ಗದ್ದ ಒತ್ತಿಕೊಂಡೇ ನಿಂತಿದ್ದಳು. ಮೂಲೆಗಳಿಂದ ಒಸರಿದ ಅಂಟು ಅಂಗೈ ದಾಟಿ ಮಣಿಕಟ್ಟಿಗೆ ಇಳಿದು, ಬಿಸಿಲಿಗೆ ಬಿಳಿಯಾಗಿ ಒಣಗುತ್ತ ಚರ್ಮವನ್ನು ಹಿಡಿದು ಎಳೆಯತೊಡಗಿತ್ತು.